ಬ್ಯಾಗಿನಲ್ಲಿ ಚಾಕು ಸಿಕ್ಕರೆ: ಇಂಗ್ಲೆಂಡಿನಲ್ಲಿ ದೊಡ್ಡವರಿಗೆ, ಮಕ್ಕಳಿಗೆ ಶಿಕ್ಷೆ ನಿಗದಿಯಾಗುವುದು ಹೀಗೆ

ಬ್ರೆಡ್ಡಿಗೆ ಬೆಣ್ಣೆ ಸವರುವ ಮೊಂಡು ಚಾಕು ಕೂಡ ಇಂಗ್ಲೆಂಡಿನ ಕಾನೂನಿನ ಪ್ರಕಾರ ಅಲಗಿರುವ ವಸ್ತುವೇ. ಅಲ್ಲಿನ ಹೈಕೋರ್ಟ್ 2005ರಲ್ಲಿ ಹಾಗೆಂದು ತೀರ್ಪು ಕೊಟ್ಟಿದೆ. ಹರಿತ ಎಷ್ಟಿದೆ, ಅದರಿಂದ ಯಾರಿಗಾದರೂ ಗಾಯವಾಯಿತೇ ಎಂಬುದು ನಂತರದ ಮಾತು. ಸಾರ್ವಜನಿಕ ಸ್ಥಳದಲ್ಲಿ ಸಕಾರಣವಿಲ್ಲದೆ ಅದು ನಿಮ್ಮ ಬಳಿ ಇದ್ದರೆ ಅಷ್ಟಕ್ಕೇ ಅಪರಾಧ ಪೂರ್ತಿಯಾಯಿತು.

ಓದಲೆಂದೋ ಕೆಲಸಕ್ಕೆಂದೋ ಅಲ್ಲಿಗೆ ಹೋದ ಕನ್ನಡಿಗರಿಗೆ, ಅಲ್ಲೇ ಬೆಳೆಯುತ್ತಿರುವ ಮಕ್ಕಳ ತಂದೆತಾಯಿಗೆ ಇದು ತಿಳಿದಿರಬೇಕು. ಇಲ್ಲಿ ಹೇಳುವುದೆಲ್ಲ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ. ಸ್ಕಾಟ್ಲೆಂಡಿನದು, ಉತ್ತರ ಐರ್ಲೆಂಡಿನದು ಬೇರೆ ಕಾನೂನು. ಈ ನಿಯಮಗಳು ಆಗಾಗ ತಿದ್ದುಪಡಿಯಾಗುತ್ತಿರುತ್ತವೆ. ಹಾಗಾಗಿ ಪ್ರಕರಣ ಕೈಯಲ್ಲಿರುವವರು ಶಿಕ್ಷೆ ಪ್ರಕಟವಾಗುವ ದಿನ ಜಾರಿಯಲ್ಲಿರುವ ಮಾರ್ಗಸೂಚಿಯನ್ನೇ, ಅದನ್ನು ರೂಪಿಸುವ ಸಂಸ್ಥೆಯಾದ ಸೆಂಟೆನ್ಸಿಂಗ್ ಕೌನ್ಸಿಲ್‌ನ ಜಾಲತಾಣದಲ್ಲಿ ನೋಡಿಕೊಳ್ಳಿ. ಅದನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು.

ಮೊದಲು ಆರೋಪಪತ್ರದಲ್ಲಿನ ಕಲಂ ನೋಡಿ

ಕೈಗೆ ಬಂದ ಕಾಗದದಲ್ಲಿ ಯಾವ ಕಾಯ್ದೆ, ಯಾವ ಕಲಂ ಎಂದು ಬರೆದಿರುತ್ತದೆ. ಮುಂದಿನ ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿದೆ.

1953ರ ಪ್ರಿವೆನ್ಷನ್ ಆಫ್ ಕ್ರೈಮ್ ಆಕ್ಟ್, ಕಲಂ 1: ಸಾರ್ವಜನಿಕ ಸ್ಥಳದಲ್ಲಿ ಆಯುಧ ಇಟ್ಟುಕೊಂಡಿರುವುದು. ಇಲ್ಲಿ ಆಯುಧದಲ್ಲಿ ಮೂರು ಬಗೆ. ಗಾಯ ಮಾಡಲೆಂದೇ ತಯಾರಾದದ್ದು (ಬೆರಳಿಗೆ ತೊಡುವ ಕಬ್ಬಿಣದ ಪಟ್ಟಿ, ಗುಂಡಿ ಒತ್ತಿದರೆ ಚಿಮ್ಮುವ ಚಾಕು), ಅದಕ್ಕೆಂದು ಮಾರ್ಪಡಿಸಿದ್ದು (ಒಡೆದು ಚೂಪು ಮಾಡಿದ ಬಾಟಲಿ), ಮತ್ತು ವಸ್ತು ಸಾಧಾರಣವಾದರೂ ಹೊತ್ತವರ ಉದ್ದೇಶದಿಂದ ಆಯುಧವಾದದ್ದು. ಮೂರನೆಯದು ನಮ್ಮವರಿಗೆ ಗೊತ್ತಾಗದೆ ಕಾಲಿಗೆ ತೊಡರುವಂಥದು. ಅಂಗಡಿಯಿಂದ ತಂದ ಖಾರದ ಪುಡಿ ಆಯುಧವಲ್ಲ. “ಯಾರಾದರೂ ಮೈಮೇಲೆ ಬಂದರೆ ಕಣ್ಣಿಗೆ ಎರಚೋಣ” ಎಂದು ಅದೇ ಪುಡಿಯನ್ನು ಪೊಟ್ಟಣ ಕಟ್ಟಿ ಜೇಬಿನಲ್ಲಿಟ್ಟುಕೊಂಡರೆ ಆಯುಧ.

1988ರ ಕ್ರಿಮಿನಲ್ ಜಸ್ಟಿಸ್ ಆಕ್ಟ್, ಕಲಂ 139: ಅಲಗು ಅಥವಾ ಚೂಪು ಮೊನೆಯ ವಸ್ತು. ಉದ್ದೇಶವನ್ನು ಇಲ್ಲಿ ಯಾರೂ ಸಾಬೀತು ಮಾಡಬೇಕಿಲ್ಲ. ಒಂದೇ ವಿನಾಯಿತಿ, ಕತ್ತರಿಸುವ ಅಂಚು 3 ಇಂಚು (7.62 ಸೆಂ.ಮೀ.) ಮೀರದ ಮಡಚುವ ಜೇಬುಚಾಕು. ಬಿಚ್ಚಿದಾಗ ಅಲಗು ಟಕ್ ಎಂದು ಬಿಗಿದುಕೊಂಡು, ಗುಂಡಿ ಒತ್ತದೆ ಮಡಚಲಾಗದಿದ್ದರೆ ಅದು ಈ ವಿನಾಯಿತಿಯೊಳಗೆ ಬರುವುದಿಲ್ಲ, ಎರಡೇ ಇಂಚಿದ್ದರೂ ಅಷ್ಟೆ. ಟ್ರೆಕ್ಕಿಂಗಿಗೆಂದು ಕೊಳ್ಳುವ ಎಷ್ಟೋ ಮಲ್ಟಿಟೂಲ್‌ಗಳ ಮುಖ್ಯ ಅಲಗು ಹೀಗೆ ಬಿಗಿದುಕೊಳ್ಳುವಂಥದೇ. ಹೊರಡುವ ಮುನ್ನ ಒಮ್ಮೆ ಬಿಚ್ಚಿ ಮಡಚಿ ನೋಡಿ.

ಶಾಲೆ ಮತ್ತು ಕಾಲೇಜಿನ ಆವರಣಕ್ಕೆ ಕಲಂ 139ಎ. ಆಯುಧ ತೋರಿಸಿ ಬೆದರಿಸಿದ್ದಕ್ಕೆ ಕಲಂ 139ಎಎ ಅಥವಾ 1953ರ ಕಾಯ್ದೆಯ ಕಲಂ 1ಎ. ಈ ಎಲ್ಲಕ್ಕೂ ಗರಿಷ್ಠ ಶಿಕ್ಷೆ 4 ವರ್ಷ ಜೈಲು.

ಪೆಪ್ಪರ್ ಸ್ಪ್ರೇ ಮಾತ್ರ ಈ ಪಟ್ಟಿಯಲ್ಲೇ ಇಲ್ಲ, ಅದಕ್ಕಿಂತ ಭಾರವಾದ ಕಡೆ ಇದೆ. ಬೆಂಗಳೂರಿನಲ್ಲಿ ಮೆಡಿಕಲ್ ಶಾಪಿನಲ್ಲೋ ಆನ್‌ಲೈನಿನಲ್ಲೋ ಕೊಂಡು ಹ್ಯಾಂಡ್‌ಬ್ಯಾಗಿನಲ್ಲಿ ಮರೆತ ಆ ಸಣ್ಣ ಡಬ್ಬಿ ಇಂಗ್ಲೆಂಡಿನಲ್ಲಿ 1968ರ ಫೈರ್‌ಆರ್ಮ್ಸ್ ಆಕ್ಟ್, ಕಲಂ 5ರ ಅಡಿ ನಿಷೇಧಿತ ಆಯುಧ. ಮನೆಯಲ್ಲಿ ಇಟ್ಟುಕೊಂಡರೂ ಅಪರಾಧ, ಗರಿಷ್ಠ 10 ವರ್ಷ. ಮಗಳನ್ನು ಅಲ್ಲಿಗೆ ಕಳುಹಿಸುವ ಅಪ್ಪ ಅಮ್ಮ ಸೂಟ್‌ಕೇಸ್ ಕಟ್ಟುವಾಗ ಮೊದಲು ತೆಗೆದಿಡಬೇಕಾದ ವಸ್ತು ಇದು.

“ರಕ್ಷಣೆಗೆ ಇಟ್ಟುಕೊಂಡಿದ್ದೆ” ಎಂದರೆ ಏನಾಗುತ್ತದೆ

ಅಲಗಿನ ಪ್ರಕರಣದಲ್ಲಿ ಸಕಾರಣ ಇತ್ತೆಂದು ತೋರಿಸುವ ಹೊಣೆ ಆರೋಪಿಯ ಮೇಲಿದೆ. ಹೌದೆನ್ನುವ ಸಾಧ್ಯತೆ ಅಲ್ಲವೆನ್ನುವುದಕ್ಕಿಂತ ಹೆಚ್ಚು ಎಂದು ತೋರಿಸಿದರೆ ಸಾಕು. ಕಾನೂನು ತಾನೇ ಹೆಸರಿಸಿರುವ ಕಾರಣಗಳು ಮೂರು: ಕೆಲಸಕ್ಕೆ ಬೇಕಾದದ್ದು, ಧಾರ್ಮಿಕ ಕಾರಣ, ರಾಷ್ಟ್ರೀಯ ಉಡುಪಿನ ಭಾಗ. ಹೋಟೆಲಿನ ಅಡುಗೆಭಟ್ಟರು ತಮ್ಮ ಚಾಕುಗಳನ್ನು ಸುತ್ತಿಟ್ಟ ಚೀಲದೊಂದಿಗೆ ಕೆಲಸಕ್ಕೆ ಹೋಗುತ್ತಿದ್ದರೆ ಸರಿ. ಅದೇ ಚೀಲ ಹೆಗಲಲ್ಲಿಟ್ಟುಕೊಂಡು ಶನಿವಾರ ರಾತ್ರಿ ಪಬ್ಬಿಗೆ ಹೋದರೆ ಉತ್ತರ ಹೇಳುವುದು ಕಷ್ಟ. ಅಂಗಡಿಯಲ್ಲಿ ಕೊಂಡ ಹೊಸ ತರಕಾರಿ ಚಾಕನ್ನು ಪ್ಯಾಕ್ ಒಡೆಯದೆ, ರಸೀದಿ ಸಮೇತ ನೇರ ಮನೆಗೆ ಒಯ್ಯಿರಿ.

ಕೊಡವ ಮದುವೆಗೆ ಕುಪ್ಯ ತೊಟ್ಟು, ಚೇಲೆಗೆ ಪೀಚೆಕತ್ತಿ ಸಿಕ್ಕಿಸುವವರು ಉಡುಪಿನ ಕಾರಣವನ್ನು ಮುಂದಿಡಬಹುದು. ಆದರೆ ಭಾರತದ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೊಡವರಿಗಿರುವ ವಿನಾಯಿತಿಗೆ ಅಲ್ಲಿ ಬೆಲೆಯಿಲ್ಲ. ಮದುವೆ ಮಂಟಪದಲ್ಲಿ ಸೊಂಟದಲ್ಲಿದ್ದಾಗಿನ ಸಮಜಾಯಿಷಿ, ಮರುವಾರ ಕಾರಿನ ಡಿಕ್ಕಿಯಲ್ಲಿ ಸಿಕ್ಕಾಗ ಉಳಿಯುವುದಿಲ್ಲ. ಬೀಗ ಹಾಕಿದ ಪೆಟ್ಟಿಗೆಯಲ್ಲಿ ಒಯ್ದು, ಆಮಂತ್ರಣ ಪತ್ರಿಕೆ ಜೊತೆಗಿಟ್ಟುಕೊಂಡು, ಅದೇ ದಿನ ಮನೆಗೆ ಮರಳಿಸಿ. ರಸ್ತೆಯಲ್ಲಿ ನಿಂತ ಕಾರು ಕೂಡ ಸಾರ್ವಜನಿಕ ಸ್ಥಳದ ಲೆಕ್ಕಕ್ಕೇ ಬರುತ್ತದೆ.

ಎರಡು ಸಮಜಾಯಿಷಿಗಳು ಪದೇ ಪದೇ ಸೋಲುತ್ತವೆ. “ಬ್ಯಾಗಿನಲ್ಲಿದ್ದದ್ದು ಮರೆತೇಹೋಗಿತ್ತು” ಎಂಬುದು ಒಂದು. ಮರೆವು ಒಂದೇ ಇದ್ದರೆ ಸಕಾರಣವಲ್ಲ, ಜೊತೆಗೆ ಬೇರೆ ಸಂಗತಿ ಬೇಕು. “ಏರಿಯಾ ಸರಿಯಿಲ್ಲ, ರಕ್ಷಣೆಗೆ ಬೇಕು” ಎಂಬುದು ಇನ್ನೊಂದು. ಆ ಕ್ಷಣದಲ್ಲೇ ಎದುರಾದ ನಿರ್ದಿಷ್ಟ ಅಪಾಯವಿದ್ದರೆ ನ್ಯಾಯಾಲಯ ಕಿವಿಗೊಟ್ಟೀತು, ಸದಾ ಇರುವ ಭಯಕ್ಕೆ ಕೊಡುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ, ಮನೆಯ ಸುತ್ತಿಗೆಯನ್ನೋ ಬೆಲ್ಟನ್ನೋ “ರಕ್ಷಣೆಗೆ” ಎಂದು ಬಾಯಿಬಿಟ್ಟು ಹೇಳಿದ ಗಳಿಗೆಯಲ್ಲೇ ಅದು ಮೂರನೇ ಬಗೆಯ ಆಯುಧವಾಗುತ್ತದೆ. ತನ್ನನ್ನು ಬಿಡಿಸುತ್ತದೆಂದು ಹುಡುಗ ಹೇಳಿದ ಮಾತೇ ಅವನ ವಿರುದ್ಧದ ಸಾಕ್ಷಿ.

ಠಾಣೆಯಲ್ಲಿನ ಮೊದಲ ಗಂಟೆಗಳು

ಅದಕ್ಕೇ ವಕೀಲರು ಬರುವವರೆಗೆ ಘಟನೆಯ ಬಗ್ಗೆ ಮಾತಾಡಬೇಡಿ. ಠಾಣೆಯಲ್ಲಿ ಕಾನೂನು ಸಲಹೆ ಎಲ್ಲರಿಗೂ ಉಚಿತ, ಸಂಬಳ ಎಷ್ಟೆಂದು ಯಾರೂ ಕೇಳುವುದಿಲ್ಲ. “ನನಗೆ ಸಾಲಿಸಿಟರ್ ಬೇಕು” ಎಂದರೆ ಸಾಕು. ಇಂಗ್ಲಿಷ್ ಪೂರ್ತಿ ಅರ್ಥವಾಗದಿದ್ದರೆ ದುಭಾಷಿಯೂ ಉಚಿತ, ಕನ್ನಡದವರೇ ಬೇಕೆಂದು ಸ್ಪಷ್ಟವಾಗಿ ಕೇಳಿ. ಹಿಂದಿ ದುಭಾಷಿಯನ್ನು ಕರೆಸಿ ಅರ್ಧಂಬರ್ಧ ಅರ್ಥದಲ್ಲಿ ಹೇಳಿಕೆ ಕೊಟ್ಟರೆ ಮುಂದೆ ತಿದ್ದುವುದು ಬಹಳ ಕಷ್ಟ. ಇನ್ನೊಂದು ವಿಚಾರ: ವಿಚಾರಣೆಯಲ್ಲಿ ಮೌನವಾಗಿದ್ದು, ಮುಂದೆ ನ್ಯಾಯಾಲಯದಲ್ಲಿ ಹೊಸ ಕಾರಣ ಹೇಳಿದರೆ ಆ ಮೌನವನ್ನು ನಿಮ್ಮ ವಿರುದ್ಧ ಪರಿಗಣಿಸಲು ಅಲ್ಲಿ ಅವಕಾಶವಿದೆ. ಮಾತಾಡಬೇಕೋ ಬೇಡವೋ ಎಂಬುದನ್ನು ನೀವೊಬ್ಬರೇ ತೀರ್ಮಾನಿಸದೆ ವಕೀಲರ ಜೊತೆ ಕೂತು ತೀರ್ಮಾನಿಸಬೇಕೆನ್ನುವುದು ಇದಕ್ಕೇ.

18 ತುಂಬದವರ ಜೊತೆ ದೊಡ್ಡವರೊಬ್ಬರು ಇರಲೇಬೇಕು, ಸಾಮಾನ್ಯವಾಗಿ ಅಪ್ಪನೋ ಅಮ್ಮನೋ. ಅವರ ಕೆಲಸ ಮಗುವಿಗೆ ಎಲ್ಲ ಅರ್ಥವಾಗುತ್ತಿದೆಯೇ ಎಂದು ನೋಡಿಕೊಳ್ಳುವುದು. ಮಗುವಿನ ಪರವಾಗಿ ಉತ್ತರ ಹೇಳುವುದು ಅವರ ಕೆಲಸವಲ್ಲ. ವಕೀಲರ ಜೊತೆಗಿನ ಮಾತಿಗಿರುವ ಗೋಪ್ಯತೆಯ ರಕ್ಷಣೆ ಹೆತ್ತವರ ಜೊತೆಗಿನ ಮಾತಿಗಿಲ್ಲ. “ನಿಜ ಹೇಳು ಮಗಾ, ಯಾರು ಕೊಟ್ಟರು ನಿನಗೆ?” ಎಂದು ಠಾಣೆಯ ಕೋಣೆಯಲ್ಲೇ ಕೇಳಲು ಹೋಗಬೇಡಿ. ಫೋನಿನಲ್ಲಿರುವ ಫೋಟೊ, ಸಂದೇಶ ಅಳಿಸಲೂ ಬೇಡಿ. ಸಾಕ್ಷ್ಯ ಮುಚ್ಚುವ ಯತ್ನ ಶಿಕ್ಷೆಯನ್ನು ಏರಿಸುವ ಅಂಶ.

ದೊಡ್ಡವರ ಶಿಕ್ಷೆ: ಲೆಕ್ಕ ಹಾಕುವ ಬಗೆ

18 ದಾಟಿದವರಿಗೆ 2018ರ ಜೂನ್ 1ರಿಂದ ಜಾರಿಯಲ್ಲಿರುವ ಸೆಂಟೆನ್ಸಿಂಗ್ ಕೌನ್ಸಿಲ್ ಮಾರ್ಗಸೂಚಿ ಅನ್ವಯಿಸುತ್ತದೆ. ಆಯುಧ ಇಟ್ಟುಕೊಂಡದ್ದಕ್ಕೆ ದಂಡದಿಂದ ಹಿಡಿದು ಎರಡೂವರೆ ವರ್ಷದ ಜೈಲಿನವರೆಗೆ ಅದರ ಹರವು.

ಒಂದನೇ ಹೆಜ್ಜೆಯಲ್ಲಿ ತಪ್ಪಿನ ತೂಕಕ್ಕೆ ಒಂದು ಅಕ್ಷರ, ಹಾನಿಗೆ ಒಂದು ಅಂಕಿ ಬೀಳುತ್ತದೆ. ಅಲಗಿರುವ ವಸ್ತು, ಅಥವಾ ಆಸಿಡ್‌ನಂಥ ಅತಿ ಅಪಾಯಕಾರಿ ಆಯುಧವಾದರೆ ‘ಎ’. ಚಾಕು ಹೊರಗೆ ತೆಗೆಯಲೇ ಇಲ್ಲ, ಬ್ಯಾಗಿನ ತಳದಲ್ಲಿತ್ತು ಎಂಬುದರಿಂದ ಈ ಅಕ್ಷರ ಬದಲಾಗುವುದಿಲ್ಲ. ಬೇರೆ ಆಯುಧವಾಗಿದ್ದು ಅದರಿಂದ ಹೆದರಿಸಿದ್ದರೆ ‘ಬಿ’, ಹೆದರಿಸದಿದ್ದರೆ ‘ಸಿ’. ಸಕಾರಣಕ್ಕೆ ಕೂದಲೆಳೆಯಷ್ಟು ಕಡಿಮೆ ಬಿದ್ದ ಪ್ರಕರಣ ‘ಡಿ’. ಇನ್ನು ಹಾನಿ: ಶಾಲೆ ಅಥವಾ ದುರ್ಬಲರು ಇರುವ ಸ್ಥಳ, ಜೈಲು, ದೊಡ್ಡ ಗಲಭೆಯ ಅಪಾಯವಿದ್ದ ಸಂದರ್ಭ, ಜನರಿಗೆ ತೀವ್ರ ಭಯವಾದದ್ದು, ಇವು 1. ಉಳಿದದ್ದೆಲ್ಲ 2.

ಎ1ಕ್ಕೆ ಆರಂಭದ ಅಂಕಿ ಒಂದೂವರೆ ವರ್ಷ ಜೈಲು, ವ್ಯಾಪ್ತಿ 1 ವರ್ಷದಿಂದ ಎರಡೂವರೆ ವರ್ಷ. ಎ2ಕ್ಕೆ 6 ತಿಂಗಳು, ವ್ಯಾಪ್ತಿ 3 ತಿಂಗಳಿನಿಂದ 1 ವರ್ಷ. ಬಿ1ಕ್ಕೆ 9 ತಿಂಗಳು. ಬಿ2ಕ್ಕೆ ಬಂದರೆ ಆರಂಭವೇ ಕಮ್ಯುನಿಟಿ ಆರ್ಡರ್, ಅಂದರೆ ಸಂಬಳವಿಲ್ಲದ ದುಡಿಮೆ, ಪ್ರೊಬೇಷನ್ ಅಧಿಕಾರಿಯ ಭೇಟಿ, ಕರ್ಫ್ಯೂ ಇತ್ಯಾದಿ ಷರತ್ತುಗಳ ಶಿಕ್ಷೆ. ಅಲಗು ಇದೆಯೋ ಇಲ್ಲವೋ ಎಂಬ ಒಂದೇ ಸಂಗತಿ ಜೈಲು ಮತ್ತು ಹೊರಗಿನ ಶಿಕ್ಷೆಯ ನಡುವೆ ಗೋಡೆಯಂತೆ ನಿಲ್ಲುವುದನ್ನು ಇಲ್ಲಿ ಗಮನಿಸಬೇಕು.

ಎರಡನೇ ಹೆಜ್ಜೆ, ಏರಿಸುವ ಮತ್ತು ಇಳಿಸುವ ಅಂಶಗಳು. ಹಳೆಯ ಶಿಕ್ಷೆ, ಗುಂಪಿನಲ್ಲಿ ಮಾಡಿದ್ದು, ಮುಖ ಮುಚ್ಚಿಕೊಂಡದ್ದು, ಕುಡಿದಿದ್ದು ಏರಿಸುತ್ತವೆ. ಹಿಂದೆ ಯಾವ ಪ್ರಕರಣವೂ ಇಲ್ಲದಿರುವುದು, ಪ್ರಾಮಾಣಿಕ ಪಶ್ಚಾತ್ತಾಪ, ಪೊಲೀಸರಿಗೆ ಸಹಕಾರ, ವಯಸ್ಸಿನ ಅಪಕ್ವತೆ, ಮಾನಸಿಕ ಕಾಯಿಲೆ, ಮನೆಯಲ್ಲಿ ತನ್ನನ್ನೇ ನಂಬಿದವರಿರುವುದು ಇಳಿಸುತ್ತವೆ. ಬರೀ ಬಾಯಿಮಾತು ಇಲ್ಲಿ ಸಾಲದು, ವೈದ್ಯರ ಪತ್ರ, ವಿಶ್ವವಿದ್ಯಾಲಯದ ಪತ್ರ, ಕೆಲಸ ಕೊಟ್ಟವರ ಪತ್ರ ಕೈಯಲ್ಲಿರಲಿ. ಪತ್ರ ಬರೆಯುವವರಿಗೆ ಆರೋಪ ಏನೆಂದು ಮುಚ್ಚಿಡಬೇಡಿ. ಆರೋಪದ ಸುಳಿವೇ ಇಲ್ಲದ ಹೊಗಳಿಕೆಯ ಪತ್ರಕ್ಕೆ ನ್ಯಾಯಾಧೀಶರು ಬೆಲೆ ಕೊಡುವುದಿಲ್ಲ.

ಮೂರನೆಯದು ತಪ್ಪೊಪ್ಪಿಗೆಯ ರಿಯಾಯಿತಿ. ಮೊದಲ ಹಾಜರಾತಿಯಲ್ಲೇ ಒಪ್ಪಿದರೆ ಮೂರನೇ ಒಂದು ಭಾಗ, ಆಮೇಲೆ ಒಪ್ಪಿದರೆ ಹೆಚ್ಚೆಂದರೆ ಕಾಲು ಭಾಗ, ವಿಚಾರಣೆಯ ದಿನವೇ ಒಪ್ಪಿದರೆ ಹತ್ತನೇ ಒಂದು ಭಾಗ. ನಿಜವಾಗಿ ತಪ್ಪು ಮಾಡಿದ್ದರೆ ತಡಮಾಡುವುದಕ್ಕೆ ತೆರುವ ಬೆಲೆ ಇಷ್ಟು ದೊಡ್ಡದು.

ಲೆಕ್ಕವೊಂದನ್ನು ಮಾಡಿ ನೋಡೋಣ. 19 ವರ್ಷದ ವಿದ್ಯಾರ್ಥಿ, ಮಾಲ್‌ನಲ್ಲಿ ಬ್ಯಾಗಿನಲ್ಲಿ ಅಡುಗೆ ಚಾಕು, ಯಾರಿಗೂ ತೋರಿಸಿಲ್ಲ, ಹಿಂದಿನ ಪ್ರಕರಣವಿಲ್ಲ ಎಂದುಕೊಳ್ಳಿ. ಎ2, ಹಾಗಾಗಿ ಆರಂಭ 6 ತಿಂಗಳು. ವಯಸ್ಸು, ಸ್ವಚ್ಛ ಹಿನ್ನೆಲೆಗೆ ನಾಲ್ಕೂವರೆಗೆ ಇಳಿಸಿದರೆಂದು ಇಟ್ಟುಕೊಳ್ಳೋಣ. ಮೊದಲ ದಿನವೇ ತಪ್ಪೊಪ್ಪಿಗೆ, ಮೂರನೇ ಒಂದು ಭಾಗ ಹೋಗಿ 3 ತಿಂಗಳು. ಆಮೇಲೆ ಕೊನೆಯ ಪ್ರಶ್ನೆ: ಜೈಲು ಅನಿವಾರ್ಯವೇ, ಅನಿವಾರ್ಯವಾದರೂ ಅಮಾನತಿನಲ್ಲಿಡಬಹುದೇ? ಇಲ್ಲಿ ಪ್ರೊಬೇಷನ್ ಇಲಾಖೆಯ ಶಿಕ್ಷೆ-ಪೂರ್ವ ವರದಿಗೆ ಬಹಳ ಬೆಲೆ. ಅದಕ್ಕೆ ಕರೆದ ಭೇಟಿ ತಪ್ಪಿಸಿಕೊಂಡವರು ತಾವಾಗಿಯೇ ಬಾಗಿಲು ಮುಚ್ಚಿಕೊಂಡಂತೆ.

ಮ್ಯಾಜಿಸ್ಟ್ರೇಟ್ ಕೋರ್ಟ್ 2024ರ ನವೆಂಬರ್ 18ರಿಂದ ಇಂಥ ಒಂದು ಅಪರಾಧಕ್ಕೆ 12 ತಿಂಗಳವರೆಗೆ ವಿಧಿಸಬಹುದು. ಅದಕ್ಕಿಂತ ಭಾರವಾದದ್ದು ಕ್ರೌನ್ ಕೋರ್ಟಿಗೆ ಹೋಗುತ್ತದೆ.

ಎರಡನೇ ಬಾರಿ ಸಿಕ್ಕಿಬಿದ್ದರೆ

2015ರ ಜುಲೈ 17ರಿಂದ ಎರಡನೇ ಬಾರಿಗೆ ಕನಿಷ್ಠ ಶಿಕ್ಷೆ ಇದೆ. ಹಿಂದೆ ಇಂಥ ಆಯುಧ ಅಪರಾಧದಲ್ಲಿ ದೋಷಿಯಾಗಿ, ಮತ್ತೆ ಅಪರಾಧ ಮಾಡುವಾಗ 16 ತುಂಬಿದ್ದರೆ: ದೊಡ್ಡವರಿಗೆ ಕನಿಷ್ಠ 6 ತಿಂಗಳು ಜೈಲು, 16–17ರವರಿಗೆ ಕನಿಷ್ಠ 4 ತಿಂಗಳ ಡಿಟೆನ್ಷನ್ ಅಂಡ್ ಟ್ರೇನಿಂಗ್ ಆರ್ಡರ್ (ಹುಡುಗರನ್ನು ಬಂಧನದಲ್ಲಿಟ್ಟು ತರಬೇತಿ ಕೊಡುವ ಶಿಕ್ಷೆ). ಬೆದರಿಸಿದ ಆರೋಪಕ್ಕಾದರೆ ಮೊದಲ ಬಾರಿಗೇ ಈ ಕನಿಷ್ಠ ಅನ್ವಯಿಸುತ್ತದೆ.

2022ರ ಜೂನ್ 28ರ ನಂತರದ ಅಪರಾಧಗಳಲ್ಲಿ ದೊಡ್ಡವರು ಇದರಿಂದ ಪಾರಾಗಲು ಅಸಾಧಾರಣ ಸಂದರ್ಭವಿರಬೇಕು. ಕೆಲಸ ಹೋಗುತ್ತದೆ, ಓದು ನಿಲ್ಲುತ್ತದೆ ಎಂಬುದು ಜೈಲಿಗೆ ಹೋಗುವ ಬಹುತೇಕ ಎಲ್ಲರ ಪಾಡು, ಅದನ್ನಷ್ಟೇ ಅಸಾಧಾರಣವೆಂದು ಒಪ್ಪಿಸುವುದು ಕಷ್ಟ. ತಪ್ಪೊಪ್ಪಿಕೊಂಡರೂ ದೊಡ್ಡವರ ಶಿಕ್ಷೆ ಕನಿಷ್ಠದ ಶೇ. 80ಕ್ಕಿಂತ, ಅಂದರೆ 4.8 ತಿಂಗಳಿಗಿಂತ ಕೆಳಗಿಳಿಯುವಂತಿಲ್ಲ. 16–17ರವರಿಗೆ ಆ ತಡೆಯಿಲ್ಲ. ತಪ್ಪೊಪ್ಪಿಕೊಂಡರೆ ನ್ಯಾಯಾಲಯ ತನಗೆ ಸೂಕ್ತ ಕಂಡ ಯಾವುದೇ ಶಿಕ್ಷೆ ಕೊಡಬಹುದು. ಹುಡುಗರ ಪರ ವಾದಿಸುವವರು ಇದನ್ನು ಮರೆತರೆ ದೊಡ್ಡ ಅನ್ಯಾಯವಾಗುತ್ತದೆ.

ಹೆತ್ತವರು ಇಲ್ಲಿ ಒಂದು ಸೂಕ್ಷ್ಮ ತಿಳಿದಿರಬೇಕು. 15ನೇ ವಯಸ್ಸಿನಲ್ಲಿ ಸಿಕ್ಕ ಸೌಮ್ಯ ಶಿಕ್ಷೆಯಾದ ರೆಫರಲ್ ಆರ್ಡರ್ ಕೂಡ ದೋಷನಿರ್ಣಯವೇ. ಕೋರ್ಟಿಗೆ ಕಳುಹಿಸದೆ ಪೊಲೀಸರೇ ಕೊಡುವ ಎಚ್ಚರಿಕೆಯಾದ ಯೂತ್ ಕಾಷನ್ ಹಾಗಲ್ಲ. “ಸಣ್ಣ ಶಿಕ್ಷೆ ತಾನೇ, ಬೇಗ ಮುಗಿಸಿಬಿಡೋಣ” ಎಂದು ಒಪ್ಪಿದ್ದು, 16 ತುಂಬಿದ ಮೇಲೆ ಇನ್ನೊಮ್ಮೆ ಸಿಕ್ಕಿಬಿದ್ದಾಗ ಕನಿಷ್ಠ ಶಿಕ್ಷೆಯ ಬಾಗಿಲು ತೆರೆಯುತ್ತದೆ. ಮೊದಲ ಬಾರಿಯ ಹುಡುಗನನ್ನು ಕೋರ್ಟಿಗೇ ಕಳುಹಿಸಬೇಕೇ, ಕಾಷನ್‌ನಲ್ಲಿ ಮುಗಿಸಬಹುದೇ ಎಂದು ವಕೀಲರು ಠಾಣೆಯ ಹಂತದಲ್ಲೇ ಕೇಳಬೇಕು.

ಹುಡುಗರ ಶಿಕ್ಷೆ ಬೇರೆಯೇ ಲೆಕ್ಕ

ಅಲ್ಲಿ ಅಪರಾಧ ಹೊಣೆಗಾರಿಕೆಯ ವಯಸ್ಸು 10. 10ರಿಂದ 17ರವರೆಗಿನವರು ಸಾಮಾನ್ಯವಾಗಿ ಯೂತ್ ಕೋರ್ಟಿಗೆ ಬರುತ್ತಾರೆ. 16ರೊಳಗಿನವರ ಜೊತೆ ಹೆತ್ತವರು ಹಾಜರಿರಬೇಕು, ದಂಡ ಬಿದ್ದರೆ ಕಟ್ಟಬೇಕಾದವರೂ ಅವರೇ. ಮಗುವಿನ ಹೆಸರು, ಶಾಲೆ ಪತ್ರಿಕೆಯಲ್ಲಿ ಬರದಂತೆ ಯೂತ್ ಕೋರ್ಟಿನಲ್ಲಿ ತಡೆ ತಾನಾಗಿಯೇ ಇರುತ್ತದೆ. ಪ್ರಕರಣ ಕ್ರೌನ್ ಕೋರ್ಟಿಗೆ ಹೋದರೆ ಆ ತಡೆಯನ್ನು ವಕೀಲರು ಕೇಳಿಯೇ ಪಡೆಯಬೇಕು.

ಹುಡುಗರ ಮಾರ್ಗಸೂಚಿಯಲ್ಲಿ ಎ1, ಎ2 ಎಂಬ ಕೋಷ್ಟಕವೇ ಇಲ್ಲ. ಮತ್ತೆ ಅಪರಾಧ ಮಾಡದಂತೆ ತಡೆಯುವುದು ಹೇಗೆ, ಮಗುವಿನ ಹಿತ ಯಾವುದರಲ್ಲಿದೆ ಎಂಬ ಎರಡು ಪ್ರಶ್ನೆಗಳ ಸುತ್ತ ಎಲ್ಲವೂ ಸುತ್ತುತ್ತದೆ. ಕಾರಣ ಸಕಾರಣಕ್ಕೆ ಸ್ವಲ್ಪವೇ ಕಡಿಮೆ ಬಿದ್ದಿದ್ದರೆ, ಬಳಸುವ ಅಪಾಯ ಇಲ್ಲವೇ ಇಲ್ಲ ಎನ್ನುವಷ್ಟಿದ್ದರೆ, ಕ್ಷಣಮಾತ್ರದ ಘಟನೆಯಾಗಿದ್ದರೆ ಬಂಧನವಿಲ್ಲದ ಶಿಕ್ಷೆ ಸೂಕ್ತ. ಅಲಗಿನ ವಸ್ತು, ಅತಿ ಅಪಾಯಕಾರಿ ಆಯುಧ, ದೀರ್ಘವಾಗಿ ನಡೆದು ತೀವ್ರ ಭಯ ಹುಟ್ಟಿಸಿದ ಘಟನೆ, ಶಾಲೆಯಲ್ಲಿ ನಡೆದದ್ದು, ಇವಿದ್ದರೆ ಬಂಧನ ಅಥವಾ ಬಿಗಿ ನಿಗಾ ಇರುವ ಯೂತ್ ರಿಹ್ಯಾಬಿಲಿಟೇಷನ್ ಆರ್ಡರ್ (ಹೊರಗಿದ್ದೇ ಷರತ್ತು ಪಾಲಿಸುವ ಹುಡುಗರ ಶಿಕ್ಷೆ) ಸಮರ್ಥನೀಯವಾಗಬಹುದು. ‘ಆಗಬಹುದು’ ಎಂಬ ಪದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಆಗಲೇಬೇಕೆಂದಿಲ್ಲ.

ಮೊದಲ ಬಾರಿ ಕೋರ್ಟಿಗೆ ಬಂದು ತಪ್ಪೊಪ್ಪಿಕೊಂಡವರಿಗೆ, ಬಂಧನದಂಥ ಭಾರದ ಶಿಕ್ಷೆಯಾಗಲಿ ಬರೀ ಎಚ್ಚರಿಕೆಯ ಬಿಡುಗಡೆಯಾಗಲಿ ಬೇಡವೆಂದು ಕೋರ್ಟಿಗೆ ಕಂಡರೆ, ರೆಫರಲ್ ಆರ್ಡರ್ ಕೊಡಲೇಬೇಕು. ಅವಧಿ 3ರಿಂದ 12 ತಿಂಗಳು. ಊರಿನ ಸ್ವಯಂಸೇವಕರಿರುವ ಸಮಿತಿಯ ಮುಂದೆ ಹುಡುಗ ಮತ್ತು ಹೆತ್ತವರು ಕುಳಿತು, ಏನೇನು ಮಾಡಬೇಕೆಂಬ ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ಕನ್ನಡದ ಮನೆಗಳಲ್ಲಿ ಆಗುವ ಎಡವಟ್ಟೆಂದರೆ ಆ ಮೇಜಿನ ಮುಂದೆ ಅಪ್ಪನೇ ಎಲ್ಲ ಮಾತಾಡಿಬಿಡುವುದು, ಹುಡುಗ ತಲೆ ತಗ್ಗಿಸಿ ಕೂರುವುದು. ಹಿರಿಯರ ಮುಂದೆ ಕಣ್ಣೆತ್ತದಿರುವುದು ನಮ್ಮಲ್ಲಿ ಮರ್ಯಾದೆ, ಅಲ್ಲಿಯ ಸಮಿತಿಗೆ ಅದು ಉದಾಸೀನದಂತೆ ಕಾಣಬಹುದು. ಹುಡುಗನನ್ನೇ ಮಾತಾಡಲು ಬಿಡಿ.

ಡಿಟೆನ್ಷನ್ ಅಂಡ್ ಟ್ರೇನಿಂಗ್ ಆರ್ಡರ್ 4ರಿಂದ 24 ತಿಂಗಳು, ಸಾಮಾನ್ಯವಾಗಿ ಅರ್ಧ ಒಳಗೆ, ಅರ್ಧ ಹೊರಗೆ ಮೇಲ್ವಿಚಾರಣೆಯಲ್ಲಿ. 12 ತುಂಬದವರಿಗೆ ಇದಿಲ್ಲ. 12–14ರವರಿಗೆ, ಪದೇ ಪದೇ ಅಪರಾಧ ಮಾಡುವವರಾದರೆ ಮಾತ್ರ. 15–17ರವರಿಗೆ ಅವಧಿ ಲೆಕ್ಕ ಹಾಕುವಾಗ ದೊಡ್ಡವರ ಶಿಕ್ಷೆಯ ಅರ್ಧದಿಂದ ಮೂರನೇ ಎರಡು ಭಾಗದಷ್ಟನ್ನು ನೋಡುವ ರೂಢಿಯಿದೆ.

ಹುಡುಗರ ಪ್ರಕರಣ ನೋಡಿಕೊಳ್ಳುವ ಸ್ಥಳೀಯ ತಂಡವಾದ ಯೂತ್ ಜಸ್ಟಿಸ್ ಸರ್ವಿಸ್‌ನವರು ವರದಿ ಬರೆಯಲು ಮನೆಗೆ ಬಂದಾಗ ಮುಚ್ಚಿಡಬೇಡಿ. ಶಾಲೆಯಲ್ಲಿ ಕಿರುಕುಳ, ಕಲಿಕೆಯ ತೊಂದರೆ, ಮನೆಯ ಗಲಾಟೆ, ದೊಡ್ಡ ಹುಡುಗರು ಬೆದರಿಸಿ ಚಾಕು ಹೊರಿಸಿದ್ದು, ಇವೆಲ್ಲ ಶಿಕ್ಷೆ ತಗ್ಗಿಸುವ ಅಂಶಗಳು. ‘ಮನೆ ಮಾತು ಹೊರಗೆ ಹೋಗಬಾರದು’ ಎಂಬ ಬಿಗುಮಾನದಲ್ಲಿ ಮಗುವಿಗೆ ಸಿಗಬೇಕಾದ ನೆರವು ತಪ್ಪುತ್ತದೆ. ಇದು ನೋವಿನ ಸಂಗತಿ.

17ರಲ್ಲಿ ತಪ್ಪು ಮಾಡಿ, ದೋಷಿಯಾಗುವಷ್ಟರಲ್ಲಿ 18 ದಾಟಿದರೆ ದೊಡ್ಡವರ ಶಿಕ್ಷೆಗಳೇ ಸಿಗುತ್ತವೆ. ಆದರೂ ಅಪರಾಧದ ದಿನ ಶಿಕ್ಷೆಯಾಗಿದ್ದರೆ ಎಷ್ಟಾಗುತ್ತಿತ್ತು ಎಂಬಲ್ಲಿಂದ ಲೆಕ್ಕ ಶುರುವಾಗಬೇಕು. ಹುಟ್ಟಿದ ದಿನ ಹತ್ತಿರವಿದ್ದರೆ ಪ್ರಕರಣ ಎಳೆಯದಂತೆ ವಕೀಲರನ್ನು ಒತ್ತಾಯಿಸಿ.

ಶಿಕ್ಷೆ ಮುಗಿದ ಮೇಲೂ ಉಳಿಯುವುದು

2023ರ ಅಕ್ಟೋಬರ್ 28ರಿಂದ, 1 ವರ್ಷದವರೆಗಿನ ಜೈಲು ಶಿಕ್ಷೆ ಮುಗಿದು 12 ತಿಂಗಳಾದ ಮೇಲೆ, ಶಿಕ್ಷೆಯಾದಾಗ 18ರೊಳಗಿದ್ದವರಿಗೆ 6 ತಿಂಗಳಾದ ಮೇಲೆ, ಸಾಮಾನ್ಯ ಕೆಲಸಗಳಿಗೆ ಅರ್ಜಿ ಹಾಕುವಾಗ ಅದನ್ನು ಹೇಳಬೇಕಿಲ್ಲ. ರೆಫರಲ್ ಆರ್ಡರ್ ಮುಗಿದ ದಿನವೇ ಅದರ ಲೆಕ್ಕ ಮುಗಿಯುತ್ತದೆ. ಶಿಕ್ಷಕ, ನರ್ಸ್‌ನಂಥ ಕೆಲಸಗಳ ತಪಾಸಣೆ ಇನ್ನೂ ಆಳಕ್ಕೆ ಹೋಗುತ್ತದೆ. ವೀಸಾ ಅರ್ಜಿಗೆ ಈ ರಿಯಾಯಿತಿಯೇ ಇಲ್ಲ, ಹಳೆಯದೆಲ್ಲವನ್ನೂ ಹೇಳಲೇಬೇಕು.

ಬ್ರಿಟಿಷ್ ಪೌರತ್ವವಿಲ್ಲದ ಭಾರತೀಯರಿಗೆ 12 ತಿಂಗಳು ಎಂಬ ಅಂಕಿ ಮುಖ್ಯ. 12 ತಿಂಗಳು ಅಥವಾ ಹೆಚ್ಚು ಜೈಲು ಶಿಕ್ಷೆಯಾದರೆ 2007ರ ಯುಕೆ ಬಾರ್ಡರ್ಸ್ ಆಕ್ಟ್ ಪ್ರಕಾರ ಗಡಿಪಾರು ಸಾಮಾನ್ಯ ನಿಯಮ. ದೋಷಿಯೆಂದು ನಿರ್ಣಯವಾದ ದಿನ 18 ತುಂಬಿರದವರಿಗೆ ಆ ಕಾಯ್ದೆಯಲ್ಲೇ ವಿನಾಯಿತಿಯಿದೆ. ಅದಕ್ಕಿಂತ ಸಣ್ಣ ಶಿಕ್ಷೆಯೂ ವೀಸಾ ರದ್ದಾಗಲು, ಮುಂದಿನದು ಸಿಗದಿರಲು ಕಾರಣವಾಗಬಹುದು. ಆದ್ದರಿಂದ ತಪ್ಪೊಪ್ಪಿಕೊಳ್ಳುವ ಮುನ್ನವೇ ಕ್ರಿಮಿನಲ್ ವಕೀಲರ ಜೊತೆಗೆ ವಲಸೆ ಕಾನೂನು ಬಲ್ಲವರನ್ನೂ ಕಾಣಿ.

ಮಗನ ಬ್ಯಾಗಿನಲ್ಲಿ ನಿಮಗೇ ಚಾಕು ಸಿಕ್ಕರೆ

ಕೈಗೆತ್ತಿಕೊಂಡು ಠಾಣೆಗೆ ಓಡಬೇಡಿ, ದಾರಿಯಲ್ಲಿ ಆಯುಧ ಹೊತ್ತವರು ನೀವಾಗುತ್ತೀರಿ. ಮೊದಲು ಪೊಲೀಸರ ತುರ್ತಲ್ಲದ ಕರೆಯ ಸಂಖ್ಯೆ 101ಕ್ಕೆ ಫೋನ್ ಮಾಡಿ, ಹೇಗೆ ಒಪ್ಪಿಸಬೇಕೆಂದು ಕೇಳಿ, ಮಾತಾಡಿದವರ ಹೆಸರು, ಸಮಯ ಬರೆದಿಡಿ. ಎಷ್ಟೋ ಊರುಗಳಲ್ಲಿ ಚಾಕು ಹಾಕಲೆಂದೇ ಬೀಗದ ಪೆಟ್ಟಿಗೆಗಳಿವೆ. ಒಯ್ಯಬೇಕಾಗಿ ಬಂದರೆ ಅಲಗಿಗೆ ದಪ್ಪ ರಟ್ಟು ಸುತ್ತಿ, ಟೇಪ್ ಹಾಕಿ, ನೇರ ಅಲ್ಲಿಗೇ ಹೋಗಿ. ಮಧ್ಯೆ ತರಕಾರಿ ಅಂಗಡಿಗೆ ಇಳಿಯಬೇಡಿ. ಉದ್ದ ಅಲಗಿನ, ಹಲ್ಲುಹಲ್ಲಾದ ‘ಜಾಂಬಿ’ ಬಗೆಯ ಮಚ್ಚಾಗಿದ್ದರೆ ಮನೆಯಲ್ಲಿ ಉಳಿಸಿಕೊಳ್ಳುವಂತೆಯೂ ಇಲ್ಲ. 2024ರ ಸೆಪ್ಟೆಂಬರ್ 24ರಿಂದ ಅವು ನಿಷೇಧ, ನಿಂಜಾ ಕತ್ತಿಗಳು 2025ರ ಆಗಸ್ಟ್ 1ರಿಂದ.

ಹುಡುಗನನ್ನು ಅಂದೇ ರಾತ್ರಿ ಕೂರಿಸಿಕೊಂಡು ಕೇಳಿ. ಯಾರ ಮುಂದೆ ಶೋಕಿ ಎಂಬುದಕ್ಕಿಂತ ಮೊದಲು, ಯಾರ ಭಯ ಎಂದು ಕೇಳಿ.